ಗುದ್ದಿಸಿಕೊಳ್ಳುವ ಮೂಟೆ

ಮಕ್ಕಳು ಸಂಗೀತ ಕಲಿಯುತ್ತೇವೆಂದರೆ ಶ್ರುತಿಪೆಟ್ಟಿಗೆ ಕೊಡಿಸುವುದು ನಮ್ಮವರಿಗೆ ಗೊತ್ತು. ಮುಷ್ಟಿಕಾಳಗ ಕಲಿಯುತ್ತೇವೆಂದರೆ? ದೆಹಲಿಯಲ್ಲಿರುವ ನಮಗೆ ಈ ಪ್ರಶ್ನೆ ಈಗ ವಿಚಿತ್ರವೇನೂ ಅಲ್ಲ. ಪಕ್ಕದ ಭಿವಾನಿಯ ವಿಜೇಂದರ್ ಸಿಂಗ್ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸಿನಿಂದ ಕಂಚು ತಂದರು. 2012ರಲ್ಲಿ ಲಂಡನ್ನಿನಿಂದ ಮಣಿಪುರದ ಮೇರಿ ಕೋಮ್ ತಂದರು. ನಮ್ಮ ಅಕ್ಕನ ಮಗಳಿಗೂ ಆ ಗಾಳಿ ಬೀಸಿದೆ. ಹದಿನಾರರ ಹುಡುಗಿ, ತೂಕ ಐವತ್ತು ಕಿಲೋ. ಮನೆಯಲ್ಲಿ ಗುದ್ದಿ ಅಭ್ಯಾಸ ಮಾಡಲು ಪಂಚಿಂಗ್ ಬ್ಯಾಗು ಬೇಕಂತೆ.

"ಹುಡುಗಿಗೆ ಇದೆಲ್ಲಾ ಯಾಕೋ? ಕೈ ಮುರ್ಕೊಂಡ್ರೆ ನಾಳೆ ಯಾರು ನೋಡ್ತಾರೆ?" ಎಂದಳು ಅಕ್ಕ.

ಹುಡುಗಿಗೆ ಯಾಕೆ ಎಂಬುದಕ್ಕೆ ಮೇರಿ ಕೋಮ್ ಉತ್ತರ ಕೊಟ್ಟಾಗಿದೆ. ಎರಡನೆಯ ಮಾತನ್ನು ಮಾತ್ರ ನಗೆಯಲ್ಲಿ ತೇಲಿಸಿಬಿಡುವಂತಿಲ್ಲ. ಮೂಟೆ ತಿರುಗಿ ಹೊಡೆಯುವುದಿಲ್ಲವೆಂದು ಯಾರು ಹೇಳಿದರು? ತೂಕ ತಪ್ಪಿದ ಮೂಟೆ ಹೊಸಬರ ಮಣಿಕಟ್ಟನ್ನೇ ಹೊಡೆಯುತ್ತದೆ.

ರೂಢಿಯಲ್ಲಿರುವ ಲೆಕ್ಕ ಸುಲಭ: ಗುದ್ದುವವರ ತೂಕದ ಅರ್ಧ. ನಮ್ಮ ಹುಡುಗಿಗೆ ಇಪ್ಪತ್ತೈದು ಕಿಲೋ. ತೀರ ಹಗುರವಾದರೆ ಮೂಟೆ ತೊಟ್ಟಿಲಿನಂತೆ ತೂಗಾಡುತ್ತದೆ, ಅದರ ಹಿಂದೆ ಓಡುವುದೇ ಅಭ್ಯಾಸವಾದೀತು. ತೀರ ಭಾರವಾದರೆ ಗೋಡೆಗೆ ಗುದ್ದಿದಂತೆ. ಬೆಳೆಯುವ ಮಕ್ಕಳಿಗೆ ಸ್ಕೂಲು ಅಂಗಿಯನ್ನು ಒಂದಳತೆ ದೊಡ್ಡದಾಗಿ ಕೊಳ್ಳುವ ನಮ್ಮ ಗುಮಾಸ್ತೆ ಬುದ್ಧಿ ಇಲ್ಲಿ ನಡೆಯದು.

ತೂಕಕ್ಕಿಂತಲೂ ಮುಖ್ಯವಾದದ್ದು ಹೊಟ್ಟೆಯೊಳಗಿನ ಸರಕು. ಬರಿಯ ಮರಳು ತುಂಬಿದರೆ ಅದು ದಿನಗಳೆದಂತೆ ಕೆಳಗಿಳಿದು, ಅಡಿಭಾಗ ಒರಳುಕಲ್ಲಾಗುತ್ತದೆ. ಸಣ್ಣಗೆ ಕತ್ತರಿಸಿದ ಬಟ್ಟೆಚೂರೇ ಮೇಲು. ಅಂಗಡಿಯಲ್ಲಿ ಮೇಲೆ, ನಡುವೆ, ಕೆಳಗೆ ಮೂರು ಕಡೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಎಲ್ಲಿಯೂ ಗಂಟು ಸಿಗಬಾರದು. ಖಾಲಿ ಚೀಲವೂ ದೊರೆಯುತ್ತದೆ. ಹಳೆಯ ಸೀರೆ, ಷರಟುಗಳಿಗೆ ಇದಕ್ಕಿಂತ ಸದ್ಗತಿ ಬೇಕೆ? ಆದರೆ ಗುಂಡಿ, ಜಿಪ್ಪು, ಕೊಕ್ಕೆಗಳನ್ನು ಒಂದೂ ಬಿಡದೆ ಕಿತ್ತು, ಬಿಗಿಯಾಗಿ ತುಂಬಬೇಕು. ಕೆಲವು ವಾರದಲ್ಲಿ ಬಟ್ಟೆ ಕುಗ್ಗುತ್ತದೆ, ಮತ್ತಷ್ಟು ತುರುಕಬೇಕು. ಹೊದಿಕೆ ಚರ್ಮದ್ದಾದರೆ ಅಂದ, ಆರೈಕೆಯೂ ಹೆಚ್ಚು. ಹೊಸಬರಿಗೆ ಒರೆಸಿದರೆ ಶುಚಿಯಾಗುವ ರೆಕ್ಸಿನ್ ಸಾಕು.

ಇನ್ನು ತೂಗುಹಾಕುವ ಪ್ರಶ್ನೆ. ನಮ್ಮಂಥವರಿಗೆ ಸೂರು ನಮ್ಮದಲ್ಲ, ಸರ್ಕಾರದ್ದೋ ಮಾಲೀಕರದೋ. ಫ್ಯಾನಿನ ಕೊಕ್ಕೆಯ ಮೇಲೆ ಮಾತ್ರ ಯಾರೂ ಕಣ್ಣು ಹಾಕಬಾರದು. ಫ್ಯಾನು ಕೆಲವೇ ಕಿಲೋ ತೂಗುತ್ತದೆ, ನಿಂತಲ್ಲೇ ತಿರುಗುತ್ತದೆ. ಮೂಟೆಯಾದರೋ ಪ್ರತಿ ಗುದ್ದಿಗೂ ಕೊಕ್ಕೆಯನ್ನು ಜಗ್ಗುತ್ತದೆ. ಗಟ್ಟಿ ಕಾಂಕ್ರೀಟಿಗೆ, ಅನುಮತಿ ಪಡೆದು, ತಿಳಿದವರಿಂದ ಬೋಲ್ಟು ಹಾಕಿಸಬೇಕು. ಅದಾಗದಿದ್ದರೆ ನೆಲದ ಮೇಲೆ ನಿಲ್ಲುವ ಬಗೆಯುಂಟು. ಅದರ ಬುಡದಲ್ಲಿ ನೀರು ಇಲ್ಲವೆ ಮರಳು ತುಂಬುತ್ತಾರೆ. ಜೋರಾಗಿ ಗುದ್ದಿದರೆ ಅದು ಜರುಗುತ್ತದೆ, ತೂಗುವ ಮೂಟೆಯ ಹದ ಅದಕ್ಕಿಲ್ಲ. ಆದರೂ ವರ್ಗವಾದಾಗ ಜೊತೆಗೆ ಹೊರಡುತ್ತದೆ!

ಇಷ್ಟೆಲ್ಲ ಹೇಳಿಯೂ, ಹಣ ಒಂದಕ್ಕೇ ಇದ್ದರೆ ಮೂಟೆಯನ್ನು ಕೊನೆಗಿಡಿ ಎನ್ನುತ್ತೇವೆ. ಮೊದಲು ಗುದ್ದಲು ಕಲಿಸುವ ಗುರು, ಆಮೇಲೆ ಕೈಗೆ ಸುತ್ತುವ ನಾಲ್ಕೂವರೆ ಮೀಟರಿನ ಪಟ್ಟಿ, ಹನ್ನೆರಡು ಔನ್ಸಿಗೆ ಕಡಿಮೆಯಿಲ್ಲದ ಗ್ಲೌಸು. ಅಕ್ಕ ಒಪ್ಪಿದ್ದು ಈ ಕ್ರಮಕ್ಕೇ. ಪಂದ್ಯದಲ್ಲಿ ಒಂದು ಸುತ್ತು ಮೂರು ನಿಮಿಷ. ಹೊಸಬರು ಎರಡು ನಿಮಿಷಕ್ಕೇ ಏದುಸಿರು ಬಿಡುತ್ತಾರೆ, ಅಷ್ಟರಲ್ಲೇ ನಿಲ್ಲಿಸಲಿ.

ಹೊತ್ತನ್ನು ಕೆಳಮನೆಯವರೊಡನೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಹಬ್ಬದ ದಿನ ನಾಲ್ಕು ಹೋಳಿಗೆ ಅವರ ಮನೆಗೆ ಇಳಿದರೆ ಇನ್ನೂ ಒಳ್ಳೆಯದು.