ಹತ್ತಿಯ ಹೊಲದಿಂದ ಚೆಂಡಾಟದ ಅಂಗಣಕ್ಕೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಆಟವೆಂದರೆ ಮೊದಲು ನೆನಪಾಗುವುದು ಗರಡಿಮನೆಯ ಕೆಂಪು ಮಣ್ಣು; ಅದರ ಬೆನ್ನಿಗೆ ಸೈಕಲ್ ಪಂದ್ಯ. ಜಾತ್ರೆ ಬಂದಿತೆಂದರೆ ಕುಸ್ತಿಯ ಕಣಕ್ಕೆ ಜನ ಸೇರುವುದು ಇಂದಿಗೂ ತಪ್ಪಿಲ್ಲ. ಆದರೆ ಕುಸ್ತಿಯ ಕಣದ ಸುತ್ತ ನಿಂತವರಲ್ಲಿ ಹೆಣ್ಣುಮಕ್ಕಳು ಎಷ್ಟು ಮಂದಿ ಎಂದು ಎಣಿಸಿದರೆ ಒಂದು ಕೈಯ ಬೆರಳುಗಳೇ ಸಾಕಾದಾವು. ಅವರ ಪಾಲಿಗೆ ಆಟದ ಬಾಗಿಲು ತೆರೆದದ್ದು ಊರಲ್ಲ, ಕಾಲೇಜು. ಈ ಭಾಗದ ಮಹಿಳಾ ಕಾಲೇಜುಗಳು 2003ರಲ್ಲಿ ವಿಜಯಪುರದಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ, ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿರುವ ಆ ಸಂಸ್ಥೆಗೆ, ಸೇರಿದವು. ಕಾಲೇಜಿನ ತಂಡದಲ್ಲಿ ಚೆನ್ನಾಗಿ ಆಡಿದವಳು ವಿಶ್ವವಿದ್ಯಾಲಯದ ತಂಡಕ್ಕೆ ಆರಿಸಿ ಬರುತ್ತಾಳೆ. ಅಲ್ಲಿಂದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆಂದು ಟ್ರಂಕು ಕಟ್ಟಿಕೊಂಡು ರೈಲು ಹತ್ತುತ್ತಾಳೆ. ಮೂರು ವರ್ಷ ಈ ಸಂಭ್ರಮ. ಪದವಿಯ ಪತ್ರ ಕೈಗೆ ಬಂದ ದಿನ ಆಟದ ಬೂಟುಗಳು ಅಟ್ಟವನ್ನು ಸೇರುತ್ತವೆ. ಮನೆಯಲ್ಲಿ ಕೇಳುವ ಪ್ರಶ್ನೆ ಆಗ ಎರಡೇ: ಮುಂದೆ ಬಿ.ಎಡ್. ಓದುವುದೋ, ಬಂದಿರುವ ಸಂಬಂಧಕ್ಕೆ ಒಪ್ಪಿಗೆ ಹೇಳುವುದೋ?

ತಂದೆ ತಾಯಿಗಳನ್ನು ಇದಕ್ಕಾಗಿ ದೂರಿದರೆ ನ್ಯಾಯವಾಗದು. ಆಟವನ್ನು ನಂಬಿ ಬದುಕಬಹುದೆಂದು ತೋರಿಸಿಕೊಡುವ ದಾರಿ ಎದುರಿಗಿಲ್ಲದಾಗ ಮಗಳನ್ನು ಯಾವ ಧೈರ್ಯದ ಮೇಲೆ ಮೈದಾನದಲ್ಲಿ ಬಿಟ್ಟಾರು? ಈ ತೊಡಕು ಕೃಷ್ಣಾ ಘಟಪ್ರಭೆಯರ ದಂಡೆಯ ಊರುಗಳಿಗೆ ಮಾತ್ರ ಸೇರಿದ್ದೆಂದು ತಿಳಿದವರು ಅಮೆರಿಕದ ಲೂಸಿಯಾ ಹ್ಯಾರಿಸಳ ಬಾಳನ್ನು ಒಮ್ಮೆ ನೋಡಬೇಕು. ಬಾಸ್ಕೆಟ್‌ಬಾಲ್ ಹುಟ್ಟಿದ ನಾಡಿನಲ್ಲಿ, ಆ ಕಾಲದ ಕಾಲೇಜು ಹುಡುಗಿಯರಲ್ಲೆಲ್ಲ ಸರಿಸಾಟಿಯಿಲ್ಲದ ಆಟಗಾರ್ತಿಯೆನಿಸಿಕೊಂಡವಳು ಈಕೆ. ಪದವಿಯ ದಿನ ಅವಳ ಮುಂದೆಯೂ ಇದೇ ಪ್ರಶ್ನೆ ಬಂದು ನಿಂತಿತು.

ಆಟದ ಹುಟ್ಟನ್ನು ಕುರಿತು ಎರಡು ಮಾತು. 1891ರ ಚಳಿಗಾಲದಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ ಹುಡುಗರಿಂದ ಆಡಿಸಿದ ಆಟವಿದು. ಮರು ವರ್ಷವೇ ಸ್ಮಿತ್ ಮಹಿಳಾ ಕಾಲೇಜಿನ ಸೆಂಡಾ ಬೆರೆನ್ಸನ್ ಇದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. 1893ರಲ್ಲಿ ಅಲ್ಲಿ ನಡೆದ ಮೊದಲ ಪಂದ್ಯವನ್ನು ನೋಡಲು ಗಂಡಸರಿಗೆ ಪ್ರವೇಶವಿರಲಿಲ್ಲ. ಹುಡುಗಿಯರು ಓಡಿ ಬಳಲಿಯಾರೆಂದು ಅಂಗಣವನ್ನು ಮೂರು ಭಾಗ ಮಾಡಿ, ಒಬ್ಬೊಬ್ಬರೂ ತಮ್ಮ ಗೆರೆಯೊಳಗೇ ಇರಬೇಕೆಂದು ವಿಧಿಸಲಾಯಿತು. ಎದುರಾಳಿಯ ಕೈಯಿಂದ ಚೆಂಡನ್ನು ಕಸಿಯುವುದೂ ನಿಷಿದ್ಧ. ಗಂಡಸರಂತೆಯೇ ಐವರ ತಂಡ, ಅಂಗಣದ ಉದ್ದಕ್ಕೂ ಓಟ ಎಂಬ ನಿಯಮ ಅಮೆರಿಕದ ಕಾಲೇಜು ಹುಡುಗಿಯರಿಗೆ ದೊರೆತದ್ದು 1971ರಲ್ಲಿ. ಗೆರೆಯನ್ನು ಅಳಿಸಲು ಎಪ್ಪತ್ತೆಂಟು ವರ್ಷ ಬೇಕಾದವು!

ಲೂಸಿಯಾ ಹುಟ್ಟಿದ್ದು 1955ರ ಫೆಬ್ರವರಿ 10ರಂದು, ಮಿಸಿಸಿಪ್ಪಿ ರಾಜ್ಯದ ಮಿಂಟರ್ ಸಿಟಿಯಲ್ಲಿ. ಹೆಸರಿಗೆ ಸಿಟಿ, ನಿಜಕ್ಕೆ ಹತ್ತಿಯ ಹೊಲಗಳ ನಡುವಿನ ಹಳ್ಳಿ. ಹನ್ನೊಂದು ಮಕ್ಕಳ ನೀಗ್ರೋ ಮನೆತನವೆಂದು ಅಂದಿನವರು ಕರೆಯುತ್ತಿದ್ದ ಆ ಕಪ್ಪು ಜನಾಂಗದ ರೈತ ಸಂಸಾರದಲ್ಲಿ ಆಕೆ ಹತ್ತನೆಯವಳು. ರಬಕವಿ-ಬನಹಟ್ಟಿಯ ಮಗ್ಗಗಳಿಗೆ ನೂಲಾಗಿ ಬರುವ ಹತ್ತಿಯನ್ನು ಬಿಸಿಲಿನಲ್ಲಿ ಬಾಗಿ ಬಿಡಿಸುವ ಕಷ್ಟ ಎಂತಹುದೆಂದು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಲೂಸಿಯಾ ಬಾಲ್ಯದಲ್ಲಿ ಮಾಡಿದ್ದು ಆ ಕೆಲಸವನ್ನೇ. ರಾತ್ರಿ ಎಲ್ಲರೂ ಮಲಗಿದ ಮೇಲೆ ಟೆಲಿವಿಷನ್ ಪೆಟ್ಟಿಗೆಯನ್ನೂ ತನ್ನನ್ನೂ ಒಂದೇ ಕೌದಿಯಲ್ಲಿ ಮುಚ್ಚಿಕೊಂಡು, ಬೆಳಕು ತಾಯಿಯ ಕಣ್ಣಿಗೆ ಬೀಳದಂತೆ, ಬಾಸ್ಕೆಟ್‌ಬಾಲ್ ಪಂದ್ಯಗಳನ್ನು ನೋಡುತ್ತಿದ್ದಳು. ಆಸ್ಕರ್ ರಾಬರ್ಟ್‌ಸನ್ ಎಂಬ ಆಟಗಾರ ಅವಳ ಆರಾಧ್ಯ ದೈವ. ಆರು ಅಡಿ ಮೂರು ಅಂಗುಲ ಬೆಳೆದ ಹುಡುಗಿಯನ್ನು ಶಾಲೆಯ ಮಕ್ಕಳು ಹಾಸ್ಯ ಮಾಡುತ್ತಿದ್ದರು. ಎತ್ತರದ ಹುಡುಗಿಯರ ಪಾಡು ಎಲ್ಲೆಡೆಯೂ ಒಂದೇ!

ಶಾಲೆ ಮುಗಿದಾಗ ಆಕೆ ಸೇರಬೇಕೆಂದಿದ್ದ ಕಾಲೇಜಿನಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡವೇ ಇರಲಿಲ್ಲ. ಸೇರಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆ ಹೊತ್ತಿಗೆ, 1972ರಲ್ಲಿ, ಸರ್ಕಾರದ ನೆರವು ಪಡೆಯುವ ವಿದ್ಯಾಸಂಸ್ಥೆಗಳು ಗಂಡು ಹೆಣ್ಣೆಂಬ ಭೇದವನ್ನು ಮಾಡಕೂಡದೆಂದು ಅಮೆರಿಕದಲ್ಲಿ ಶಾಸನವೊಂದು ಬಂದಿತ್ತು. ಮರು ವರ್ಷವೇ ಕ್ಲೀವ್‌ಲ್ಯಾಂಡ್ ಎಂಬ ಸಣ್ಣ ಊರಿನ ಡೆಲ್ಟಾ ಸ್ಟೇಟ್ ಕಾಲೇಜು ಮಹಿಳೆಯರ ತಂಡವನ್ನು ಮತ್ತೆ ಕಟ್ಟಿತು. ಮತ್ತೆ ಎಂಬ ಮಾತನ್ನು ಗಮನಿಸಬೇಕು. ತಂಡವನ್ನು ಕಟ್ಟಲು ಕರೆಸಿದ ಮಾರ್ಗರೆಟ್ ವೇಡ್ ಅವರು ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿನಿ. 1930ರ ದಶಕದ ಆರಂಭದಲ್ಲಿ ಅವರು ಆಡುತ್ತಿದ್ದಾಗಲೇ, ಎಳೆಯ ಹೆಂಗಸರಿಗೆ ಈ ಆಟ ಅತಿ ಶ್ರಮದ್ದೆಂದು ಕಾಲೇಜು ತಂಡವನ್ನು ರದ್ದುಪಡಿಸಿತ್ತು. ಹುಡುಗಿಯರು ಅತ್ತು, ತಮ್ಮ ಆಟದ ಉಡುಪುಗಳನ್ನು ಸುಟ್ಟುಹಾಕಿದರು. ನಲವತ್ತು ವರ್ಷಗಳ ಅನಂತರ, ಅರವತ್ತರ ವಯಸ್ಸಿನಲ್ಲಿ, ಅದೇ ಅಂಗಣಕ್ಕೆ ವೇಡ್ ತರಬೇತಿದಾರರಾಗಿ ಮರಳಿದರು. ಅವರ ಬಾಳೇ ಒಂದು ಕಾದಂಬರಿಗೆ ವಸ್ತುವಾದೀತು.

ಮುಂದಿನ ನಾಲ್ಕು ವರ್ಷ ಲೂಸಿಯಾಳದು. ತಂಡದಲ್ಲಿ ಆಕೆಯೊಬ್ಬಳೇ ಕಪ್ಪು ಹುಡುಗಿ. ಆದರೆ ಚೆಂಡು ಹೋಗಬೇಕಾದದ್ದು ಅವಳ ಕೈಗೇ ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲೇಟಾ ಎಂಬ ಕ್ರೈಸ್ತ ಸನ್ಯಾಸಿನಿಯರ ಕಾಲೇಜು 1972ರಿಂದ ಮೂರು ವರ್ಷ ಎಡೆಬಿಡದೆ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತ್ತು. 1975ರ ಅಂತಿಮ ಪಂದ್ಯದಲ್ಲಿ ಡೆಲ್ಟಾ ಸ್ಟೇಟ್ ಅದನ್ನು 90–81ರಿಂದ ಸೋಲಿಸಿತು. 1976ರಲ್ಲಿ ಮತ್ತೆ 69–64ರಿಂದ. 1977ರಲ್ಲಿ ಲೂಸಿಯಾನಾ ಸ್ಟೇಟ್ ತಂಡವನ್ನು 68–55ರಿಂದ. ನಡುವೆ ಸತತ 51 ಪಂದ್ಯಗಳ ಗೆಲುವು. ನಾಲ್ಕು ವರ್ಷಗಳಲ್ಲಿ ತಂಡ ಗೆದ್ದದ್ದು 109, ಸೋತದ್ದು ಆರೇ ಆರು. ಲೂಸಿಯಾ ಒಬ್ಬಳೇ ಗಳಿಸಿದ ಅಂಕಗಳು 2,981. ಬುಟ್ಟಿಗೆ ತಗುಲಿ ಮರಳಿದ ಚೆಂಡನ್ನು ಹಿಡಿದದ್ದು 1,662 ಸಲ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ 1977ರಲ್ಲಿ ಒಂದೇ ಪಂದ್ಯದಲ್ಲಿ 47 ಅಂಕ ಬಾರಿಸಿದಳು.

1976ರಲ್ಲಿ ಮಾಂಟ್ರಿಯಲ್ ನಗರದ ಒಲಿಂಪಿಕ್ ಕ್ರೀಡಾಕೂಟದಲ್ಲಿ ಮಹಿಳೆಯರ ಬಾಸ್ಕೆಟ್‌ಬಾಲಿಗೆ ಮೊಟ್ಟಮೊದಲು ಸ್ಥಾನ ದೊರೆಯಿತು. ಮೊದಲ ಪಂದ್ಯ ಅಮೆರಿಕಕ್ಕೂ ಜಪಾನಿಗೂ. ಆ ಪಂದ್ಯದ ಮೊದಲ ಬುಟ್ಟಿಯನ್ನು, ಎಂದರೆ ಒಲಿಂಪಿಕ್ ಇತಿಹಾಸದಲ್ಲಿ ಮಹಿಳೆಯೊಬ್ಬಳ ಮೊದಲ ಅಂಕಗಳನ್ನು, ಗಳಿಸಿದವಳು ಹತ್ತಿ ಬಿಡಿಸುತ್ತಿದ್ದ ಈ ಹುಡುಗಿ. ಪಂದ್ಯವನ್ನೇನೋ ಜಪಾನೇ ಗೆದ್ದಿತು. ಕೊನೆಗೆ ಸ್ವರ್ಣಪದಕ ಸೋವಿಯತ್ ಒಕ್ಕೂಟದ ಪಾಲಾಗಿ, ಅಮೆರಿಕಕ್ಕೆ ಬೆಳ್ಳಿ ದೊರೆಯಿತು.

1977ರಲ್ಲಿ ಪದವಿ ಕೈಗೆ ಬಂದಿತು. ಆಕೆಗೆ ಆಗ ಇಪ್ಪತ್ತೆರಡು ವರ್ಷ. ಅವಳಿಗಿಂತ ಎಷ್ಟೋ ಕಡಿಮೆ ಆಟವಾಡಿದ ಹುಡುಗರಿಗೆ ವೃತ್ತಿಪರ ತಂಡಗಳು ಹಣದ ಚೀಲ ಹಿಡಿದು ಕಾದಿದ್ದವು. ಅವಳು ಆಡುವುದಕ್ಕೆ ದೇಶದಲ್ಲಿ ಒಂದು ತಂಡವೂ ಇರಲಿಲ್ಲ. ಆಗ ನಡೆದದ್ದು ವಿಚಿತ್ರ. ಗಂಡಸರ ವೃತ್ತಿಪರ ತಂಡವಾದ ನ್ಯೂ ಆರ್ಲಿಯನ್ಸ್ ಜಾಜ್ ತನ್ನ ಆಯ್ಕೆಯ ಏಳನೆಯ ಸುತ್ತಿನಲ್ಲಿ ಲೂಸಿಯಾಳ ಹೆಸರನ್ನು ಕೂಗಿತು. ಒಟ್ಟು ಪಟ್ಟಿಯಲ್ಲಿ ಆಕೆ 137ನೆಯವಳು. ಪತ್ರಿಕೆಗಳಿಗೆ ಹಬ್ಬವಾಯಿತು. ಆಕೆ ಹೋಗಲಿಲ್ಲ. ಇದು ಪ್ರಚಾರದ ತಂತ್ರವೆಂದು ಆಕೆಗೆ ತೋರಿತ್ತು; ಗಂಡಸರೊಡನೆ ಸೆಣಸಬಲ್ಲೆನೆಂಬ ನಂಬಿಕೆಯೂ ಇರಲಿಲ್ಲ. ಮದುವೆಯಾಗಿತ್ತು, ಚೊಚ್ಚಲ ಬಸಿರೂ ಆಗಿತ್ತು. ಈ ನಿರ್ಧಾರಕ್ಕಾಗಿ ತನಗೆ ಪಶ್ಚಾತ್ತಾಪವಿಲ್ಲವೆಂದು ಆಕೆ ಇಳಿವಯಸ್ಸಿನಲ್ಲೂ ಹೇಳುತ್ತಿದ್ದಳು. ಹೋಗದಿದ್ದುದು ವಿವೇಕವೇ. ಹೆಣ್ಣೊಬ್ಬಳನ್ನು ಗಂಡಸರ ನಡುವೆ ನಿಲ್ಲಿಸಿ ಬೆರಗು ನೋಡುವುದು ಬೇರೆ, ಅವಳಿಗೆ ತಕ್ಕ ಅಂಗಣವನ್ನು ಕಟ್ಟಿಕೊಡುವುದು ಬೇರೆ.

ಆ ಅಂಗಣ ತಡವಾಗಿ ಬಂದು, ಬೇಗನೆ ಮುಚ್ಚಿತು. 1978ರಲ್ಲಿ ಹುಟ್ಟಿದ ಮಹಿಳೆಯರ ವೃತ್ತಿಪರ ಲೀಗಿನಲ್ಲಿ ಲೂಸಿಯಾ 1979–80ರ ಒಂದು ಋತು ಹ್ಯೂಸ್ಟನ್ ತಂಡಕ್ಕೆ ಆಡಿದಳು. 1981ರಲ್ಲಿ ಲೀಗೇ ಅಳಿಯಿತು. ಇಂದಿನವರೆಗೆ ಬಾಳಿ ಬಂದಿರುವ ಲೀಗು ಆರಂಭವಾದದ್ದು 1997ರಲ್ಲಿ. ಆ ಹೊತ್ತಿಗೆ ಲೂಸಿಯಾಳಿಗೆ ನಲವತ್ತೆರಡು. ಚಪ್ಪಾಳೆ ನಿಂತ ಮೇಲಿನ ಮೌನವನ್ನು ಎಲ್ಲ ಮನಸ್ಸುಗಳೂ ಒಂದೇ ಬಗೆಯಾಗಿ ತಡೆದುಕೊಳ್ಳವು. ಉತ್ಸಾಹದ ತುತ್ತತುದಿಗೂ ಖಿನ್ನತೆಯ ಆಳಕ್ಕೂ ಮನಸ್ಸನ್ನು ತೂಗಾಡಿಸುವ ಕಾಯಿಲೆಯೊಂದು ಆಕೆಯನ್ನು ಹಿಡಿಯಿತು. ಅದನ್ನು ಆಕೆ ಮುಚ್ಚಿಡಲಿಲ್ಲ. ಔಷಧಿ ತೆಗೆದುಕೊಂಡಳು, ನಾಲ್ಕು ಮಕ್ಕಳನ್ನು ಬೆಳೆಸಿದಳು, ಸ್ನಾತಕೋತ್ತರ ಪದವಿ ಪಡೆದಳು. ತನ್ನ ಸೀಮೆಯ ಶಾಲೆಗಳಲ್ಲಿ ಉಪಾಧ್ಯಾಯಿನಿಯಾಗಿ, ತರಬೇತಿದಾರಳಾಗಿ ದುಡಿದಳು. 1992ರಲ್ಲಿ ನೈಸ್ಮಿತ್‌ರ ಹೆಸರಿನ ಕೀರ್ತಿಮಂದಿರದಲ್ಲಿ ಆಕೆಗೆ ಸ್ಥಾನ ದೊರೆತಾಗ ಕೈಹಿಡಿದು ವೇದಿಕೆಗೆ ಕರೆತಂದವರು, ಕೌದಿಯೊಳಗೆ ಕುಳಿತು ನೋಡುತ್ತಿದ್ದ ಅದೇ ಆಸ್ಕರ್ ರಾಬರ್ಟ್‌ಸನ್! ಆಕೆ 2022ರ ಜನವರಿ 18ರಂದು ತೀರಿಕೊಂಡಳು. ಅವಳನ್ನು ಕುರಿತ ಇಪ್ಪತ್ತೆರಡು ನಿಮಿಷಗಳ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದದ್ದು ಎರಡು ತಿಂಗಳು ಕಳೆದ ಮೇಲೆ.

ಭಾರತದಲ್ಲಿ ಈ ಪ್ರಶ್ನೆಗೆ ಬೇರೊಂದು ಉತ್ತರ ದೊರೆಯಿತು. ವೃತ್ತಿಪರ ಲೀಗಿನ ಬದಲು ಇಲ್ಲಿ ಆಟಗಾರ್ತಿಯರನ್ನು ಸಾಕಿದ್ದು ಸರ್ಕಾರಿ ನೌಕರಿ, ಅದರಲ್ಲಿಯೂ ರೈಲ್ವೆ. ಚೆನ್ನೈಯ ಅನಿತಾ ಪಾಲ್‌ದುರೈ ದಕ್ಷಿಣ ರೈಲ್ವೆಯ ನೌಕರಿಯಲ್ಲಿದ್ದುಕೊಂಡು ಹದಿನೆಂಟು ವರ್ಷಗಳ ಕಾಲ ದೇಶದ ತಂಡಕ್ಕೆ ಆಡಿದರು. ಮಗುವಿನ ತಾಯಿಯಾದ ಮೇಲೆಯೂ ಅಂಗಣಕ್ಕೆ ಮರಳಿದರು. 2017ರ ಜುಲೈ ತಿಂಗಳ ಕೊನೆಯ ವಾರ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ನಡೆದ ಏಷ್ಯಾ ಕಪ್ ಎರಡನೆಯ ದರ್ಜೆಯ ಅಂತಿಮ ಪಂದ್ಯದಲ್ಲಿ ಭಾರತ ಕಜಕಸ್ತಾನವನ್ನು 75–73ರಿಂದ ಮಣಿಸಿ ಮೊದಲ ದರ್ಜೆಗೆ ಏರಿದಾಗ ಅವರೂ ತಂಡದಲ್ಲಿದ್ದರು. 2021ರಲ್ಲಿ ಪದ್ಮಶ್ರೀ ಗೌರವ ಅವರಿಗೆ ಸಂದಿತು.

ಅದೇ ಜುಲೈ ತಿಂಗಳಿನಲ್ಲಿ ಜಮಖಂಡಿಗೆ ನೆರೆಯ ವಿಜಯಪುರವೂ ಸುದ್ದಿಯಲ್ಲಿತ್ತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಈ ಊರುಗಳೆಲ್ಲ ಒಂದೇ ಜಿಲ್ಲೆಯವು. ರೈಲ್ವೆಯ ಪರವಾಗಿಯೂ ಆಡಿದ ಅಲ್ಲಿನ ರಾಜೇಶ್ವರಿ ಗಾಯಕ್ವಾಡ್, ಮಹಿಳೆಯರ ವಿಶ್ವ ಕಪ್ ಕ್ರಿಕೆಟ್ಟಿನಲ್ಲಿ ಜುಲೈ 15ರಂದು ಡರ್ಬಿ ನಗರದಲ್ಲಿ ನ್ಯೂಜಿಲೆಂಡಿನ ಐವರನ್ನು ಕೇವಲ 15 ರನ್ನುಗಳಿಗೆ ಉರುಳಿಸಿದ್ದರು. ಊರಿಗೆ ಮರಳಿದಾಗ ಸಚಿವರೊಬ್ಬರು ಅವರಿಗೆ ಕಾರನ್ನು ಉಡುಗೊರೆಯಾಗಿ ಕೊಡುವುದಾಗಿ ಹೇಳಿದರು. ರಾಜೇಶ್ವರಿ ಅದನ್ನು ವಿನಯದಿಂದ ಬೇಡವೆಂದು, ಬಾಡಿಗೆ ಮನೆಯಲ್ಲಿರುವ ತಮ್ಮ ಸಂಸಾರಕ್ಕೆ ಒಂದು ಸೂರು ದೊರೆತರೆ ಸಾಕೆಂದು ಕೇಳಿದರು. ಕೀರ್ತಿ ಯಾವುದು, ಬದುಕು ಯಾವುದು ಎಂಬುದು ಮಧ್ಯಮ ವರ್ಗದ ಹೆಣ್ಣುಮಗಳಿಗೆ ಚೆನ್ನಾಗಿ ಗೊತ್ತು.

ಬಾಸ್ಕೆಟ್‌ಬಾಲಿನಲ್ಲಿ ಲೂಸಿಯಾ ನಡೆದ ದಾರಿಗೇ ನೇರವಾಗಿ ಕಾಲಿಟ್ಟ ಕನ್ನಡ ನಾಡಿನ ಹುಡುಗಿಯೂ ಇದ್ದಾಳೆ. ಬೆಂಗಳೂರಿನ ಸಂಜನಾ ರಮೇಶ್ 2019ರಲ್ಲಿ ಕ್ರೀಡಾ ವಿದ್ಯಾರ್ಥಿವೇತನವನ್ನು ಪಡೆದು ಅಮೆರಿಕದ ಉತ್ತರ ಅರಿಜೋನಾ ವಿಶ್ವವಿದ್ಯಾಲಯದ ತಂಡವನ್ನು ಸೇರಿದಳು. ಆದರೆ ಬೆಂಗಳೂರಿನ ಸೌಕರ್ಯ ಬೇರೆ, ಬೀಳಗಿಯದು ಬೇರೆ. ಈ ಸೀಮೆಯ ಹುಡುಗಿಗೆ ಕಣ್ಣೆಟುಕಿನಲ್ಲಿರುವ ದಾರಿಗಳು ಎರಡು. ಬಿ.ಪಿ.ಎಡ್. ಮುಗಿಸಿ ದೈಹಿಕ ಶಿಕ್ಷಕಿಯಾಗುವುದು ಒಂದು. ಲೂಸಿಯಾಳನ್ನು ಕೊನೆಗೆ ಕಾಪಾಡಿದ್ದೂ ಶಾಲೆಯ ಕೆಲಸವೇ. ಇನ್ನೊಂದು ರೈಲ್ವೆಯ ಕ್ರೀಡಾ ಕೋಟಾ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಪಡೆದ ಸ್ಥಾನಕ್ಕೆ ಆ ನೇಮಕದಲ್ಲಿ ಬೆಲೆಯುಂಟು. ಪದವಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಮನೆಯವರು ಪಂದ್ಯಾವಳಿಯ ಆ ಪತ್ರವನ್ನೂ ಟ್ರಂಕಿನ ತಳಕ್ಕೆ ಹಾಕದೆ ಜೋಪಾನ ಮಾಡಿ ಇಡಬೇಕು. ಅರ್ಜಿಯ ಜೊತೆಗೆ ಕೇಳುವುದು ಅದನ್ನೇ.