ಮಳೆ ಬೀಳದ ಊರಿಗೂ ಪ್ರವಾಹ ಬರುತ್ತದೆ

ರಾಜ್ಯಕ್ಕೆ ಹವಾಮಾನ ಕ್ರಿಯಾ ಯೋಜನೆ ಇದೆ, ಜಿಲ್ಲೆಗಳು ಅದನ್ನೇ ಜಾರಿಗೆ ತಂದರೆ ಸಾಕು, ಯಾದಗಿರಿಯಂಥ ಬರಪೀಡಿತ ಜಿಲ್ಲೆಗೆ ಕಾಲುವೆ ನೀರೇ ಮದ್ದು ಎಂದು ಲೇಖನವೊಂದು ಮಂಡಿಸಿದ ವಾದವನ್ನು ನಾನು ಖಂಡಿತ ಒಪ್ಪಲಾರೆ.

ಸುರಪುರ, ಶಹಾಪುರಕ್ಕೆ ನಾರಾಯಣಪುರ ಎಡದಂಡೆ ಕಾಲುವೆ ಬಂದು ದಶಕಗಳಾದವು. ಈ ಕಾಲುವೆ ಸೇರಿರುವ ಕೃಷ್ಣಾ ಮೇಲ್ದಂಡೆ ಯೋಜನೆ ರೂಪುಗೊಂಡದ್ದು ಕಡಿಮೆ ನೀರಿನ ಬೆಳೆಗಳಿಗಾಗಿ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನಿಂತಿತು, ಕೊನೆಭಾಗದ ಹೊಲ ಒಣಗಿತು. ಅಲ್ಲಿಯ ರೈತ ಹತ್ತಿ, ತೊಗರಿ ಬಿತ್ತಿ ಮುಗಿಲು ನೋಡುತ್ತಾನೆ. ಮಳೆ ಕೈಕೊಟ್ಟರೆ ಹೆಂಡತಿ ಮಕ್ಕಳೊಂದಿಗೆ ಬೆಂಗಳೂರಿನ ಬಸ್ಸು ಹತ್ತುತ್ತಾನೆ, ಮಕ್ಕಳ ಶಾಲೆ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಪ್ರವಾಹದ ಮಾತು ಆ ಲೇಖನದಲ್ಲಿ ಇಲ್ಲವೇ ಇಲ್ಲ! ಸಹ್ಯಾದ್ರಿಯಲ್ಲಿ ಮಳೆ ಸುರಿದು ನಾರಾಯಣಪುರದ ಬಸವಸಾಗರ ಅಣೆಕಟ್ಟೆಯ ಗೇಟು ತೆರೆದರೆ, ಇಲ್ಲಿ ಹನಿ ಬೀಳದಿದ್ದರೂ ಕೃಷ್ಣೆ ಉಕ್ಕುತ್ತಾಳೆ. ನದಿಯ ನಡುಗಡ್ಡೆಯ ಊರಾದ ನೀಲಕಂಠರಾಯನಗಡ್ಡಿ ಹೀಗೆ ಎಷ್ಟೋ ಸಲ ಸಂಪರ್ಕ ಕಳೆದುಕೊಂಡಿದೆ. 2020ರ ಅಕ್ಟೋಬರಿನಲ್ಲಿ ಭೀಮೆಯೂ ದಡ ಮೀರಿದಳು. ಒಂದೇ ಜಿಲ್ಲೆಯಲ್ಲಿ ಬರವೂ ನೆರೆಯೂ ಇರುವಾಗ ಬೆಂಗಳೂರಿನ ಕಡತ ಸಾಲದು.

ಬರ, ನೆರೆಗಳ ಜೊತೆಗೆ ಬಿಸಿಲೂ ಇದೆ. ಯಾದಗಿರಿಯೂ ಸೇರಿದ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನವೇ ಮುಚ್ಚುತ್ತವೆ. ಬಿಸಿಲಿನ ಕಾಟ ಸರ್ಕಾರಕ್ಕೆ ಗೊತ್ತು. ಹೊಲದ ಕೂಲಿಯವರಿಗೆ ಅಂಥ ರಕ್ಷಣೆ ಯಾಕಿಲ್ಲ?

ಹಾಗಾಗಿ ಜಿಲ್ಲೆಯ ಹವಾಮಾನ ಯೋಜನೆ ಗ್ರಾಮಸಭೆಯಿಂದ ಶುರುವಾಗಲಿ. ಗೇಟು ತೆರೆಯುವ ಸುದ್ದಿ ನದಿದಂಡೆಯ ಊರಿಗೆ ಮೊದಲು ಮುಟ್ಟಲಿ, ಸರದಿಯಂತೆ ಕಾಲುವೆ ನೀರು ಬಿಡುವ ವಾರಾಬಂದಿಯಲ್ಲಿ ಕೊನೆಭಾಗದ ಹೊಲಕ್ಕೂ ನೀರು ಸಿಗಲಿ, ಗುಳೆ ಹೋದವರ ಮಕ್ಕಳಿಗೆ ಊರಲ್ಲೇ ಹಾಸ್ಟೆಲ್ ತೆರೆಯಲಿ. ಇವಕ್ಕೆ ಜಿಲ್ಲಾ ಬಜೆಟ್‌ನಲ್ಲಿ ಹಣ ತೋರಿಸಲಿ.