ದಸರಾಕ್ಕೆ ಮುಂಚೆ ‘ದಸರ’ ಓದುವ ಮಗು ನಿಮಗೆ ಕಾಣುತ್ತಿಲ್ಲವೇ?

ಕನ್ನಡದ ಗೆಳೆಯರೇ,

ನವೆಂಬರ್ ಬಂತೆಂದರೆ ನಿಮ್ಮ ಬೈಕಿಗೆ ಬಾವುಟ ಏರುತ್ತದೆ. ಅಂಗಡಿ ಬೋರ್ಡಿನಲ್ಲಿ ಕನ್ನಡ ಶೇಕಡಾ 60 ಇದೆಯೋ ಇಲ್ಲವೋ ಅಳೆಯಲು ನಿಮಗೆ ಟೇಪು ಬೇಡ, ಕಣ್ಣಳತೆಯಲ್ಲೇ ಹೇಳಿಬಿಡುತ್ತೀರಿ. ಸಂತೋಷ, ಅದೂ ಬೇಕು. ಆದರೆ ಎದೆ ಮುಟ್ಟಿಕೊಂಡು ಒಂದು ಮಾತು ಹೇಳಿ. ನಿಮ್ಮ ಬಡಾವಣೆಯ ಸರ್ಕಾರಿ ಕನ್ನಡ ಶಾಲೆಯ ಒಂದನೇ ಕ್ಲಾಸಿನಲ್ಲಿ, ಶಾಲೆ ತೆರೆದ ದಿನದಿಂದ ದಸರಾ ರಜೆಯವರೆಗೆ ಮಕ್ಕಳು ಏನು ಕಲಿಯುತ್ತಾರೆ? ಗೊತ್ತೇ? ಆ ಕಾಂಪೌಂಡಿನೊಳಗೆ ನೀವು ಕೊನೆಯ ಸಲ ಕಾಲಿಟ್ಟದ್ದು ಬಹುಶಃ ಓಟು ಹಾಕಲು.

“ಅಲ್ಲೇನ್ ಕಲಿಸ್ತಾರೆ ಬಿಡಿ, ಅನ್ನ ಹಾಕಿ ಆಡಿಸಿ ಕಳಿಸ್ತಾರೆ” ಎಂದು ಟೀ ಅಂಗಡಿಯಲ್ಲಿ ತೀರ್ಪು ಕೊಡುವವರಿಗೆ ಮೊದಲು ಉತ್ತರ ಕೊಡೋಣ. ಹೌದು, ಆಡಿಸುತ್ತಾರೆ. ಮೊದಲ ವಾರಗಳಲ್ಲಿ ಹಾಡು, ಕತೆ, ಕುಣಿತ. ಹುಣಿಸೆಬೀಜ, ಕಲ್ಲು, ಎಲೆ ಗುಡ್ಡೆ ಹಾಕಿ ದೊಡ್ಡದು ಯಾವುದು, ಚಿಕ್ಕದು ಯಾವುದು ಎಂದು ಬೇರ್ಪಡಿಸುವುದು. ಗೆರೆ ಎಳೆಯುವುದು, ಸೊನ್ನೆ ಸುತ್ತುವುದು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಎತ್ತರಕ್ಕೆ ಕಪ್ಪುಹಲಗೆ, ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಿಂದ ಮಕ್ಕಳೇ ಬರೆದ ಚಿತ್ರಗಳ ತೋರಣ. ಇದರ ಹೆಸರು ನಲಿ-ಕಲಿ.

ಇದು ವಿಧಾನಸೌಧದ ಎ.ಸಿ. ರೂಮಿನಲ್ಲಿ ಹುಟ್ಟಿದ ಯೋಜನೆಯಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಯಿತು. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ಮದನಪಲ್ಲೆ ಬಳಿಯ ರಿಷಿ ವ್ಯಾಲಿಯ ಪದ್ಧತಿ ನೋಡಿ ಬಂದರು, ಯುನಿಸೆಫ್ ನೆರವು ಕೊಟ್ಟಿತು, ಕನ್ನಡಕ್ಕೆ ಒಗ್ಗುವ ಕಾರ್ಡುಗಳನ್ನು ಅವರೇ ತಯಾರಿಸಿದರು. ಕಾಡಂಚಿನ ಒಂದು ಹಿಂದುಳಿದ ತಾಲೂಕಿನ ಮೇಷ್ಟ್ರುಗಳ ಆ ಕೆಲಸ 2009-10ರಲ್ಲಿ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಇಂಥ ಸಾಧನೆಯನ್ನು ಯಾವುದಾದರೂ ದುಬಾರಿ ಇಂಟರ್‌ನ್ಯಾಷನಲ್ ಶಾಲೆ ಮಾಡಿದ್ದರೆ ಹೆದ್ದಾರಿ ತುಂಬಾ ಅದರ ಹೋರ್ಡಿಂಗು ನಿಲ್ಲುತ್ತಿತ್ತು!

ಈಗ ಅಕ್ಷರಕ್ಕೆ ಬನ್ನಿ. ನೀವು ನಾವು ಕಲಿತದ್ದು ಅ ಆ ಇ ಈ. ನಲಿ-ಕಲಿಯಲ್ಲಿ ಮೊದಲು ಬರುವುದು ರ ಗ ಸ ದ ಅ. ಇದೇನು ತಲೆಕೆಳಗು ವ್ಯವಹಾರ ಎಂದು ಮೂಗು ಮುರಿಯಬೇಡಿ. ಕೊಂಬು, ಇಳಿ, ಒತ್ತು ಯಾವುದೂ ಇಲ್ಲದ ಈ ಐದೇ ಅಕ್ಷರ ಗೊತ್ತಾದ ಮಗು ಏನೇನು ಓದಬಹುದು ಎಂದು ಬೆರಳು ಮಡಿಚಿ ಎಣಿಸಿ: ಸರ, ದರ, ಅರಸ, ಅಗಸ, ಗರಗಸ, ಸರಸರ. ‘ದಸರ’ ಕೂಡಾ! ಆಮೇಲಿನ ಗುಂಪು ಜ ವ ಮ ಬ ನ. ‘ವ’ ಬರೆಯಲು ಬಂದ ಕೈ ಅದಕ್ಕೊಂದು ಬಾಲ ಎಳೆದರೆ ‘ಮ’. ಹತ್ತು ಅಕ್ಷರ ಆಗುವಷ್ಟರಲ್ಲಿ ಮರ, ವನ, ಜನ, ದನ, ನಗರ, ಬಸವ ಎಲ್ಲ ಓದಿಗೆ ಬಂತು. ಐವತ್ತು ಅಕ್ಷರ ಬಾಯಿಪಾಠ ಮಾಡಿ, ಆಮೇಲೆ ಕಾಗುಣಿತ ಉರುಹೊಡೆದು, ಯಾವತ್ತೋ ಒಂದು ದಿನ ಪದ ಓದುವ ಕಾಲ ಅಲ್ಲ ಇದು. ಮೊದಲ ಐದು ಅಕ್ಷರಕ್ಕೇ ಮಗು ಓದುಗ. ಮೇಷ್ಟ್ರು ಇದ್ದು, ಕಾರ್ಡು ಇದ್ದು, ಮಗು ತಪ್ಪದೆ ಬಂದರೆ ದಸರಾ ರಜೆಗೆ ಮುಂಚೆ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಪದ ಕೂಡಿಸಿ ಹೇಳುತ್ತದೆ.

ಇದು ಸಾಧ್ಯವಾಗುವುದು ಕನ್ನಡದ ಗುಣದಿಂದ. ನಮ್ಮಲ್ಲಿ ‘ಗ’ ಎಲ್ಲಿ ಕೂತರೂ ‘ಗ’ವೇ. ಇಂಗ್ಲಿಷಿನ ‘ಸಿ’ ಅಕ್ಷರ ‘ಕ್ಯಾಟ್’ನಲ್ಲಿ ‘ಕ’ ಆಗುತ್ತದೆ, ‘ಸಿಟಿ’ಯಲ್ಲಿ ‘ಸ’ ಆಗುತ್ತದೆ. ಮನೆಯಲ್ಲಿ ಆ ಭಾಷೆಯ ಗಾಳಿಯೇ ಇಲ್ಲದ ಆರು ವರ್ಷದ ಕೂಸಿಗೆ ಈ ಗೊಂದಲದಲ್ಲೇ ಗಣಿತ, ಪರಿಸರ ಎಲ್ಲ ಕಲಿ ಎಂದರೆ ಅದು ಏನು ಮಾಡೀತು? ಬೋರ್ಡಿನ ಗೆರೆಗಳನ್ನು ನೋಟ್‌ಬುಕ್ಕಿಗೆ ಇಳಿಸುತ್ತದೆ. ಅಪ್ಪ ಅಮ್ಮ ಆ ದುಂಡಗಿನ ಅಕ್ಷರ ನೋಡಿ ಸಾಲದ ಫೀಸು ಸಾರ್ಥಕವಾಯಿತೆಂದು ನಿಟ್ಟುಸಿರು ಬಿಡುತ್ತಾರೆ.

ಇಂಗ್ಲಿಷ್ ಬೇಡ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಕನ್ನಡ ಶಾಲೆಯಲ್ಲಿ ಇಂಗ್ಲಿಷೇ ಇಲ್ಲ ಎಂಬ ಪುಕಾರನ್ನು ಮೊದಲು ಬಿಡಿ. 2007-08ರಿಂದಲೇ ಸರ್ಕಾರಿ ಶಾಲೆಯ ಒಂದನೇ ಕ್ಲಾಸಿಗೆ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಭಾಷೆಯಾಗಿ ಕಲಿಸುವುದು ಬೇರೆ, ಅದರಲ್ಲೇ ಕೂಡುವುದು ಕಳೆಯುವುದು ಕಲಿ ಎಂದು ಕೂಡಿಹಾಕುವುದು ಬೇರೆ.

ಆ ಕ್ಲಾಸಿನಲ್ಲಿ ನಿಮ್ಮ ಹೋರಾಟಕ್ಕೆ ನೇರವಾಗಿ ಸಂಬಂಧಪಟ್ಟ ಇನ್ನೊಂದು ಕೆಲಸ ನಡೆಯುತ್ತದೆ. ನಲಿ-ಕಲಿಯಲ್ಲಿ ಸಾಲು ಬೆಂಚಿಲ್ಲ. ಮಕ್ಕಳು ಸುತ್ತ ಕೂರುತ್ತಾರೆ. ಒಂದು ಗುಂಪಿಗೆ ಮೇಷ್ಟ್ರು ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದಕ್ಕೆ ಅರೆಬರೆ. ಮತ್ತೆರಡು ಗುಂಪಿನಲ್ಲಿ ಕಲಿತ ಮಗು ಕಲಿಯದ ಮಗುವಿಗೆ ಹೇಳಿಕೊಡುತ್ತದೆ. ಕೊನೆಯ ಗುಂಪಿನಲ್ಲಿ ತಾನೇ ಕಲಿಯುವುದು. ಗೋಡೆಯ ಮೇಲಿನ ಕಲಿಕಾ ಏಣಿ ನೋಡಿ, ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಗುರುತಿಸಿ, ಆ ಕಾರ್ಡು ಮಗುವೇ ತೆಗೆದುಕೊಳ್ಳುತ್ತದೆ. ಜ್ವರ ಬಂದು ವಾರ ತಪ್ಪಿಸಿಕೊಂಡರೆ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಮುಂದಕ್ಕೆ.

ಬೆಂಗಳೂರಿನಲ್ಲಿ ಹೀಗೆ ಸುತ್ತ ಕೂರುವವರು ಯಾರ ಮಕ್ಕಳು? ಯಾದಗಿರಿ, ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು. ಅವರ ಪಕ್ಕದಲ್ಲೇ ತಮಿಳು, ತೆಲುಗು ಮನೆಮಾತಿನ ಮಕ್ಕಳು, ಅಪಾರ್ಟ್‌ಮೆಂಟಿನ ನೇಪಾಳಿ ವಾಚ್‌ಮನ್ನರ ಮಕ್ಕಳು. ಮೇ ಕೊನೆಯಲ್ಲಿ ಬಾಯಿಬಿಡದ ಆ ನೇಪಾಳಿ ಹುಡುಗನಿಗೆ ಸೆಪ್ಟೆಂಬರಿನ ಹೊತ್ತಿಗೆ ‘ಗರಗಸ’ ಓದಿಸುವವಳು ರಾಯಚೂರಿನ ಹುಡುಗಿ. ‘ಇಲ್ಲಿದ್ದ ಮೇಲೆ ಕನ್ನಡ ಕಲೀರಿ’ ಎಂದು ನೀವು ಟಿ-ಶರ್ಟಿನ ಮೇಲೆ ಅಚ್ಚು ಹಾಕಿಸಿದ್ದನ್ನು ಅವಳು ಜಗಳವಿಲ್ಲದೆ, ಮಧ್ಯಾಹ್ನದ ಊಟದ ಗಂಟೆ ಹೊಡೆಯುವುದರೊಳಗೆ ಮಾಡಿ ಮುಗಿಸುತ್ತಾಳೆ. ಕನ್ನಡಕ್ಕೆ ಹೊಸಬರನ್ನು ತರುವ ಇದಕ್ಕಿಂತ ದೊಡ್ಡ ಕಾರ್ಖಾನೆ ಈ ನಗರದಲ್ಲಿದ್ದರೆ ತೋರಿಸಿ.

ಇನ್ನು ಘನ ಸರ್ಕಾರದ ಕಥೆ. ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಕಲಿಕೆ ಎಂದು 1994ರಲ್ಲಿ ಆದೇಶ ಹೊರಟಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮದ ಆಯ್ಕೆ ಪೋಷಕರದ್ದು, ಸರ್ಕಾರ ಹೇರುವಂತಿಲ್ಲ ಎಂದಿತು. ಸರಿ, ಖಾಸಗಿ ಶಾಲೆಯ ಬಾಗಿಲಿಗೆ ಕೋರ್ಟು ಅಡ್ಡ ನಿಂತಿತು ಎಂದೇ ಒಪ್ಪೋಣ. ತನ್ನದೇ ಶಾಲೆಗೆ ಸರ್ಕಾರ ಮಾಡಿದ್ದೇನು? 2019-20ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಇದ್ದ ಮೇಷ್ಟ್ರುಗಳಿಗೇ ಒಂದಷ್ಟು ತರಬೇತಿ ಕೊಟ್ಟು, ನಾಳೆಯಿಂದ ಇಂಗ್ಲಿಷಿನಲ್ಲಿ ಪಾಠ ಮಾಡಿ ಎಂದಿತು. ಎಡಗೋಡೆಗೆ ಕನ್ನಡ, ಬಲಗೋಡೆಗೆ ಇಂಗ್ಲಿಷ್, ನಡುವೆ ಅದೇ ಮೇಷ್ಟ್ರು!

ಶಿಕ್ಷಣ ಹಕ್ಕು ಕಾಯಿದೆ ಬಂದದ್ದು 2009ರಲ್ಲಿ. 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಕನಿಷ್ಠ ಇಬ್ಬರು ಶಿಕ್ಷಕರಿರಬೇಕು ಎಂದು ಅದರ ಪಟ್ಟಿಯಲ್ಲೇ ಬರೆದಿದೆ. ಆದರೂ ಒಬ್ಬರೇ ಶಿಕ್ಷಕರಿರುವ ಶಾಲೆಗಳು ರಾಜ್ಯದಲ್ಲಿ ಸಾವಿರಾರು ಇವೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಬಹುದು ಎಂಬ ನಲಿ-ಕಲಿಯ ಒಳ್ಳೆಯ ಗುಣವನ್ನೇ ಮೇಷ್ಟ್ರನ್ನು ನೇಮಿಸದಿರಲು ನೆಪ ಮಾಡಿಕೊಂಡದ್ದು ಶುದ್ಧ ಮೋಸ. ಕಾರ್ಡು ಹರಿದರೆ ಹೊಸದಿಲ್ಲ, ಇರುವ ಒಬ್ಬರು ಹಾಲು, ಊಟ, ಮೊಟ್ಟೆ, ಬಾಳೆಹಣ್ಣಿನ ಲೆಕ್ಕ ಬರೆಯಬೇಕು, ಮೀಟಿಂಗಿಗೆ ಓಡಬೇಕು. ನಲಿ-ಕಲಿ ಬೇಡವೇ ಬೇಡ ಎಂದು ಎಷ್ಟೋ ಮೇಷ್ಟ್ರುಗಳು ಬೇಸತ್ತು ಹೇಳುತ್ತಾರಲ್ಲ, ಅವರ ಸಿಟ್ಟು ಪದ್ಧತಿಯ ಮೇಲಲ್ಲ, ಈ ಜೀತದ ಮೇಲೆ.

2025ರದ್ದೇ ನೋಡಿ. ಶಾಲೆ ತೆರೆದದ್ದು ಮೇ 29ಕ್ಕೆ. ದಸರಾ ರಜೆ ಮುಗಿದು ಅಕ್ಟೋಬರ್ 8ಕ್ಕೆ ಎರಡನೇ ಅವಧಿ ಶುರುವಾಗಬೇಕಿತ್ತು. ಮೇಷ್ಟ್ರುಗಳನ್ನು ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಅಲೆಸಿದರು. ಅದು ಮುಗಿಯಲಿಲ್ಲವೆಂದು ಸರ್ಕಾರಿ, ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ಬಾಗಿಲು ಹಾಕಿದರು. ಸಮೀಕ್ಷೆ ಬೇಕೋ ಬೇಡವೋ ಅದು ಬೇರೆ ಚರ್ಚೆ. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಆ ಬೀಗ ಬೀಳಲಿಲ್ಲ, ನೆನಪಿರಲಿ. ರಜೆಗೆ ಮುಂಚೆ ಹತ್ತು ಅಕ್ಷರ ಹಿಡಿದಿದ್ದ ಮಗು ಮರಳಿ ಬರುವಾಗ ಎಷ್ಟು ಮರೆತಿರುತ್ತದೆ ಎಂಬ ಲೆಕ್ಕ ಯಾವ ಸಮೀಕ್ಷೆಯ ಕಾಲಮ್ಮಿನಲ್ಲೂ ಇರಲಿಲ್ಲ. ಇದರ ವಿರುದ್ಧ ಒಂದಾದರೂ ಬೈಕ್ ರ‍್ಯಾಲಿ ಹೊರಟಿತೇ?

ನಿಮ್ಮಲ್ಲಿ ಅನೇಕರಿಗೆ ಈಗ ಮದುವೆಯಾಗಿದೆ, ಮನೆಯಲ್ಲಿ ಎಳೆಯ ಕೂಸಿದೆ. ಮೊನ್ನೆಯಷ್ಟೇ ಯಾವುದೋ ಕಾನ್ವೆಂಟಿನ ಅರ್ಜಿ ಫಾರಂಗೆ ಕ್ಯೂ ನಿಂತು ಬಂದಿದ್ದೀರಿ, ಕೊರಳಲ್ಲಿ ಹಳದಿ ಕೆಂಪು ಶಾಲು ಬೇರೆ. ಅದು ನಿಮ್ಮ ಹಕ್ಕು, ಕೋರ್ಟೇ ಹೇಳಿದೆ. ಆದರೆ ಬೀದಿಯಾಚೆಯ ಶಾಲೆಯಲ್ಲಿ ಕೂತಿರುವ ಆ ಮಕ್ಕಳ ಹಕ್ಕು ಕೇಳುವವರು ಯಾರು? ಅವರ ಅಪ್ಪ ಅಮ್ಮಂದಿರು ಕೂಲಿ ಬಿಟ್ಟು ಬಿಇಒ ಕಚೇರಿಯ ಬೆಂಚಿನ ಮೇಲೆ ಕಾಯಲಾರರು. ನಿಮಗೆ ಕಾಯಲು ಬರುತ್ತದೆ, ಕೂಗಲು ಬರುತ್ತದೆ, ಹತ್ತು ಜನರನ್ನು ಸೇರಿಸಲು ಬರುತ್ತದೆ.

ಹಾಗಾದರೆ ಈ ಸಲ ಮೇ ಕೊನೆಯ ವಾರ, ಶಾಲೆ ತೆರೆಯುವ ಮುನ್ನ, ನಿಮ್ಮ ಬಡಾವಣೆಯ ಶಾಲೆಗೆ ಹೋಗಿ ಹೆಡ್‌ಮಾಸ್ಟರರ ಹತ್ತಿರ ಕೂತು ಮಾತಾಡಿ. ಎಷ್ಟು ಮಕ್ಕಳು, ಎಷ್ಟು ಮೇಷ್ಟ್ರು, ಕಾರ್ಡುಗಳು ಪೂರ್ತಿ ಇವೆಯೇ, ಹೋದ ವರ್ಷ ಎಷ್ಟು ದಿನ ಬೇರೆ ಡ್ಯೂಟಿಗೆ ಎಳೆದರು, ಎಲ್ಲ ಬರೆದುಕೊಳ್ಳಿ. ಅವರ ಮೇಲೆ ಕೂಗಾಡಬೇಡಿ, ತಪ್ಪು ಅವರದ್ದಲ್ಲ. ಆ ಚೀಟಿ ಹಿಡಿದು ನೇರ ಬಿಇಒ ಕಚೇರಿಗೆ ಹೋಗಿ. ಬಾವುಟ ಬೇಕಿದ್ದರೆ ಒಯ್ಯಿರಿ. ಎರಡನೇ ಮೇಷ್ಟ್ರು ಯಾವ ತಾರೀಖಿಗೆ ಬರುತ್ತಾರೆ ಎಂದು ಬರಹದಲ್ಲಿ ಕೊಡುವವರೆಗೆ ಎದ್ದು ಬರಬೇಡಿ.